ಅತ್ತೆಯ ಬಲಪಕ್ಕೆ

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಬಂತಂತೆ. ಅದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ, ಕಷ್ಟಪಟ್ಟವಳು ನನ್ನ ಅವ್ವ. ಆದರೂ ನಮ್ಮ ಕಡೆ ಒಂದು ನಂಬಿಕೆ ಇದೆ. ಕಾಲು ಮುಂದಾಗಿ ಹುಟ್ಟಿದವರು ಬೆನ್ನನ್ನೋ ಸೊಂಟವನ್ನೋ ಮೆಲ್ಲಗೆ ಮೆಟ್ಟಿದರೆ ಉಳುಕು ಬಿಡುತ್ತದೆ ಅನ್ನುತ್ತಾರೆ. ಕುಂದೂರಿನ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಬಂದ ಮೇಲೆ ಈ ಸುದ್ದಿ ಹೇಗೋ ಹಬ್ಬಿಬಿಟ್ಟಿತು. ಬೆಳಗ್ಗೆ ನಾನು ಮುಖ ತೊಳೆಯುವ ಮೊದಲೇ ಯಾರಾದರೊಬ್ಬರು ಸೊಂಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. ಅವರನ್ನು ಹೊಸಿಲಿಗೆ ಅಡ್ಡವಾಗಿ ಬೋರಲು ಮಲಗಿಸಿ, ನೋವಿರುವ ಕಡೆ ಬಲಗಾಲಿಟ್ಟು ಮೆಲ್ಲಗೆ ಒತ್ತಬೇಕು. ಹೀಗೆ ಮೂರು ಬೆಳಗ್ಗೆ. ನಾನು ಅದನ್ನು ನಂಬಿದವಳೂ ಅಲ್ಲ, ಬಿಟ್ಟವಳೂ ಅಲ್ಲ. ಕೆಲವರಿಗೆ ವಾಸಿಯಾಗುತ್ತಿತ್ತು. ಆಗದವರು ನಾನು ಸರಿಯಾಗಿ ಮೆಟ್ಟಲಿಲ್ಲವೆಂದು ಗೊಣಗಿಕೊಂಡು ಹೋಗುತ್ತಿದ್ದರು.

ಇದಕ್ಕೆಲ್ಲ ಯಜಮಾನಿಕೆ ನನ್ನ ಅತ್ತೆಯದು. ಜಗಲಿಯಲ್ಲಿ ಕೂತು ಯಾರು ಮೊದಲು ಮಲಗಬೇಕು, ಯಾರು ಕಾಯಬೇಕು, ತಂದ ಬಾಳೆಹಣ್ಣನ್ನು ಎಲ್ಲಿಡಬೇಕು ಎಂದು ಅವರೇ ಹೇಳುತ್ತಿದ್ದರು. ಬಂದವರ ಮುಂದೆ "ನಮ್ ಸೊಸೆ ಕಾಲು ಅಂದ್ರೆ ಔಷ್ದಿ ಇದ್ದಂಗೆ ಕಣ್ರೀ" ಅನ್ನುವುದು. ಅವರು ಗೇಟು ದಾಟಿದ ಮೇಲೆ ಒಳಗೆ ಬಂದು "ಊರಿಗೆ ಉಪಕಾರಿ, ಮನೆಗೆ ಮಾರಿ" ಅನ್ನುವುದು. ಸುಳ್ಳು ಯಾಕೆ ಹೇಳಲಿ, ನಾವಿಬ್ಬರೂ ಎಣ್ಣೆ ಸೀಗೆಕಾಯಿ. ಸಾರಿಗೆ ಉಪ್ಪು ಹೆಚ್ಚಾದರೂ ಜಗಳ, ಕಮ್ಮಿಯಾದರೂ ಜಗಳ, ಸರಿಯಾಗಿದ್ದರೆ ಬಡಿಸಿದ್ದು ತಡವಾಯಿತೆಂದು ಜಗಳ. ನನಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಂದಕ್ಕೆ ಎರಡು ಹೇಳಿಯೇ ಏಳುತ್ತಿದ್ದೆ. ನನ್ನ ಗಂಡ ಹೊಂಗಡಹಳ್ಳದ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ವಾರದ ರಜೆಗೆ ಬಂದಾಗ ಇಬ್ಬರ ಚಾಡಿಯನ್ನೂ ಕೇಳಿಸಿಕೊಂಡು, ಯಾರ ಪರವೂ ವಹಿಸದೆ, ಊಟ ಮಾಡಿ ಮಲಗಿಬಿಡುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ ಅದು. ಕಾಫಿ ಕೊಯ್ಲು ಮುಗಿದು ಅಂಗಳದ ತುಂಬ ಹಣ್ಣು ಹರಡಿದ್ದೆವು. ಅತ್ತೆಗೆ ಕೆಮ್ಮು ಶುರುವಾಗಿ ಆಗಲೇ ಕೆಲವು ವಾರ ಕಳೆದಿತ್ತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕಾಫಿ ಒಣಗಿಸುವ ಧೂಳಿಗೆ ಕೆಮ್ಮು, ಬಿಸಿಲಿಗೆ ಜ್ವರ ಎಂದು ನಾವೇ ತೀರ್ಮಾನ ಮಾಡಿಕೊಂಡೆವು. ಒಂದು ಬೆಳಗ್ಗೆ ಕಾಫಿಬುಟ್ಟಿ ಎತ್ತಲು ಹೋದವರು ಬಲಪಕ್ಕೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು. ಉಸಿರು ಎಳೆದರೆ ಚುಚ್ಚುತ್ತದೆ, ಕೆಮ್ಮಿದರೆ ಪ್ರಾಣ ಹೋಗುತ್ತದೆ ಅಂದರು. ಬುಟ್ಟಿ ಎತ್ತುವಾಗ ಬಂದ ನೋವು, ಅಂದಮೇಲೆ ಉಳುಕಲ್ಲದೆ ಇನ್ನೇನು? ಎಣ್ಣೆ ತಿಕ್ಕಿದ್ದಾಯಿತು, ಉಪ್ಪಿನ ಶಾಖ ಕೊಟ್ಟದ್ದಾಯಿತು. ನೋವು ಜಗ್ಗಲಿಲ್ಲ.

ಊರಿನವರ ಬೆನ್ನನ್ನೆಲ್ಲ ಮೆಟ್ಟುವ ಕಾಲು ಮನೆಯಲ್ಲೇ ಇದೆ. ಆದರೆ ಅತ್ತೆಯ ಬೆನ್ನ ಮೇಲೆ ಸೊಸೆ ಕಾಲಿಡುವುದುಂಟೇ?

"ಸೊಸೆ ಕೈಲಿ ಒದೆಸ್ಕಳೋ ಗತಿ ನಂಗಿನ್ನೂ ಬಂದಿಲ್ಲ," ಅಂದರು ಅತ್ತೆ.

"ನಾನೇನು ಕಾಲೆತ್ಕೊಂಡು ಕಾಯ್ತಾ ಕೂತಿಲ್ಲ," ಅಂದೆ ನಾನು.

ರಜೆಗೆ ಬಂದ ಗಂಡ ಅವ್ವನ ಮುಖ ನೋಡಿ ಮೊದಲ ಸಲ ಬಾಯಿ ಬಿಟ್ಟರು. "ಹಿತ್ತಲ ಗಿಡ ಮದ್ದಲ್ಲ ಅಂದಂಗಾಯ್ತಲ್ಲವ್ವ. ಆಲೂರಿಂದ ಜನ ಬಸ್ಸತ್ಕೊಂಡು ಬರ್ತಾರೆ. ನಿಂಗೆ ಮನೇಲೇ ಐತೆ, ಬ್ಯಾಡ ಅಂತೀಯ." ಅತ್ತೆ ಎರಡು ದಿನ ತಡೆದರು. ಆಮೇಲೆ ಒಂದು ಬೆಳಗ್ಗೆ, ಯಾರೂ ಬರುವ ಮೊದಲೇ, ಮುಂಬಾಗಿಲ ಚಿಲಕ ಹಾಕಿಸಿ, ಹಿತ್ತಲ ಬಾಗಿಲ ಹೊಸಿಲಿಗೆ ಅಡ್ಡ ಮಲಗಿದರು. ನಾನು ಮೊದಲು ಅವರ ಪಾದ ಮುಟ್ಟಿ ನಮಸ್ಕಾರ ಮಾಡಿದೆ. "ಆ ನಾಟ್ಕ ಎಲ್ಲ ಬ್ಯಾಡ, ಮೆಟ್ಟೇ ಬೇಗ," ಎಂದರು ನೆಲಕ್ಕೆ ಮುಖ ಮಾಡಿ. ಮೆಟ್ಟಿದೆ. ನನ್ನ ಕಾಲಿನ ಕೆಳಗೆ ಅಷ್ಟು ಸಣ್ಣ ಬೆನ್ನು ಇರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಮಾರನೆಯ ದಿನ ಎದ್ದಾಗ ಚುಚ್ಚುವ ನೋವು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಎರಡನೆಯ ಸಲ ಮೆಟ್ಟಿದ ಮೇಲೆ ಇಲ್ಲವೇ ಇಲ್ಲ ಅನ್ನುವಷ್ಟಾಯಿತು. ಅತ್ತೆಗೆ ಅದನ್ನು ಒಪ್ಪಿಕೊಳ್ಳುವುದು ನೋವಿಗಿಂತ ಕಷ್ಟ. ಆದರೂ ನೀರಿಗೆ ಬಂದ ಹೆಂಗಸರಿಗೆ ಅವರೇ ಹೇಳಿಬಿಟ್ಟರು. ನನಗೂ ಒಳಗೊಳಗೇ ಜಂಬ ಬಂತು, ಇಲ್ಲ ಅನ್ನುವುದಿಲ್ಲ.

ಮೂರನೆಯ ಬೆಳಗ್ಗೆ ಕಾಲಿಟ್ಟಾಗ ನನಗೆ ಏನೋ ಸರಿ ಕಾಣಲಿಲ್ಲ. ಎಷ್ಟೋ ಜನರ ಬೆನ್ನು ಮೆಟ್ಟಿದ್ದೇನೆ. ಬೋರಲು ಮಲಗಿದವರು ಉಸಿರಾಡಿದರೆ ಬೆನ್ನು ಎರಡೂ ಕಡೆ ಸಮನಾಗಿ ಏಳುತ್ತದೆ, ಇಳಿಯುತ್ತದೆ. ಅತ್ತೆಯ ಎಡಗಡೆ ಏಳುತ್ತಿತ್ತು. ಬಲಗಡೆ ಹಲಗೆ ಹಾಗೆ ಬಿದ್ದುಕೊಂಡಿತ್ತು. ಕಾಲು ತೆಗೆದು ಕೂತು ಅಂಗೈ ಇಟ್ಟು ನೋಡಿದೆ. ಆ ಕಡೆ ಚರ್ಮ ಬಿಸಿಯಾಗಿತ್ತು. ಎದ್ದು ಕೂತ ಮೇಲೆ ಅವರು ಮಾತಾಡಿದ್ದನ್ನು ಗಮನಿಸಿದೆ. "ಯಾಕೆ ಹಂಗೆ... ನೋಡ್ತಿದ್ದೀಯ... ಹಾಲು ಕರಿಯೋ... ಹೊತ್ತಾಯ್ತು," ಅಂದರು. ನೋವು ಹೋಗಿತ್ತು, ಆದರೆ ಒಂದು ಮಾತು ಮುಗಿಸಲು ಉಸಿರು ಸಾಲುತ್ತಿರಲಿಲ್ಲ. ನನ್ನ ಜೊತೆ ಊರು ಕೇಳುವಂತೆ ಜಗಳ ಆಡುತ್ತಿದ್ದ ಹೆಂಗಸು.

"ಬಾಳ್ಳುಪೇಟೆ ಡಾಕ್ಟ್ರ ಹತ್ರ ಹೋಗಣ," ಅಂದೆ.

"ನೋವೇ ಇಲ್ಲ... ಡಾಕ್ಟ್ರು ಏನ್ ಮಾಡ್ತಾನೆ... ಹುಚ್ಚಿ."

ಅದೇ ನೋಡಿ ಕಷ್ಟ. ನೋವಿದ್ದಾಗ ಉಳುಕು ಅಂದೆವು, ನೋವು ಹೋದಾಗ ವಾಸಿ ಅಂದೆವು. ಆ ದಿನ ನಾನು ಬೈದು, ಬೆದರಿಸಿ, ಕೊನೆಗೆ "ನೀವು ಬರ್ದಿದ್ರೆ ಅಂಗಳದಲ್ಲಿರೋ ಕಾಫಿ ಮಳೆ ಬಂದ್ರೂ ಎತ್ತಲ್ಲ" ಎಂದು ಹಠ ಹಿಡಿದು ಬಸ್ಸು ಹತ್ತಿಸಿದೆ.

ಬಾಳ್ಳುಪೇಟೆಯ ಡಾಕ್ಟರು ವಯಸ್ಸಾದವರು. ಅತ್ತೆಯನ್ನು ಕೂರಿಸಿ, ಬೆನ್ನ ಮೇಲೆ ಒಂದು ಬೆರಳಿಟ್ಟು ಇನ್ನೊಂದು ಕೈಯ ಬೆರಳಿನಿಂದ ಅದನ್ನು ತಟ್ಟುತ್ತ ಮೇಲಿಂದ ಕೆಳಗೆ ಬಂದರು. ಡೀಸೆಲ್ ಬ್ಯಾರಲ್ಲಿನಲ್ಲಿ ಎಷ್ಟಿದೆ ಎಂದು ನೋಡಲು ನಾವು ತಟ್ಟುವುದಿಲ್ಲವೇ, ಹಾಗೇ. ಎಡಗಡೆ ಪೂರ್ತಿ ಟೊಳ್ಳು ಸದ್ದು ಬಂತು. ಬಲಗಡೆ ಅರ್ಧ ಬೆನ್ನಿನವರೆಗೆ ಟೊಳ್ಳು, ಅಲ್ಲಿಂದ ಕೆಳಗೆ ಮಂದ. ನನಗೂ ಕೇಳಿಸಿತು. ಆಮೇಲೆ ಕೊಳವೆ ಇಟ್ಟು "ಒಂದು, ಒಂದು, ಒಂದು ಅಂತ ಹೇಳ್ತಾ ಇರಮ್ಮ" ಎಂದರು. ಅತ್ತೆ ನನ್ನ ಕಡೆ ತಿರುಗಿ, "ಇವ್ರಿಗೆ... ಎರಡು ಬರಲ್ವಂತಾ?" ಅಂದರು. ಡಾಕ್ಟರು ನಕ್ಕರು. ಆದರೆ ಕೊಳವೆ ಕಿವಿಯಿಂದ ತೆಗೆಯುವಾಗ ಅವರ ಮುಖದಲ್ಲಿ ನಗು ಇರಲಿಲ್ಲ. "ಶ್ವಾಸಕೋಶದ ಸುತ್ತ ಏನೋ ತುಂಬ್ಕೊಂಡಿದೆ. ನೀರೋ ಕೀವೋ ಗೊತ್ತಿಲ್ಲ. ಇವತ್ತೇ ಹಾಸನಕ್ಕೆ ಕರ್ಕೊಂಡು ಹೋಗಿ, ನಾಳೆ ಅನ್ನಬೇಡಿ," ಎಂದರು. ಎಸ್‌ಟಿಡಿ ಬೂತಿನಿಂದ ಎಸ್ಟೇಟ್ ಆಫೀಸಿಗೆ ಫೋನ್ ಮಾಡಿ ಗಂಡನಿಗೆ ಸುದ್ದಿ ಮುಟ್ಟಿಸಲು ಹೇಳಿದೆ. ಉಟ್ಟ ಬಟ್ಟೆಯಲ್ಲೇ ಹಾಸನದ ಬಸ್ಸು ಹತ್ತಿದೆವು.

ಹಾಸನದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವಾತ ಕೊರಳಲ್ಲಿರುವುದನ್ನೆಲ್ಲ ಬಿಚ್ಚಲು ಹೇಳಿದ. ಅತ್ತೆ ಸರ ಬಿಚ್ಚಿದರು. ಆದರೆ ಎದೆಯ ಮೇಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಗೋಡೆಗೆ ಒರಗಿಬಿಟ್ಟರು. ಅದು ಮೈ ಬಿಟ್ಟು ಹೋಗುವಂತಿಲ್ಲ. ಬೆಳ್ಳಿ ಅಡ್ಡ ಬಂದರೆ ಚಿತ್ರ ಬರುವುದಿಲ್ಲ ಎಂದು ಆತ, ಪ್ರಾಣ ಹೋದರೂ ಬಿಚ್ಚುವುದಿಲ್ಲ ಎಂದು ಇವರು. ಕೊನೆಗೆ ನಾನು ನನ್ನ ಕರ್ಚೀಫಿನಲ್ಲಿ ಕರಡಿಗೆ ಸುತ್ತಿ ಅವರ ತಲೆಗೆ ಕಟ್ಟಿದೆ. ಹಾಗೆಯೇ ನಿಂತು ತೆಗೆಸಿಕೊಂಡರು. ಆತ ಒಳ್ಳೆಯವನು, ನಗಲಿಲ್ಲ.

ಫೋಟೊದಲ್ಲಿ ಎಡಪಕ್ಕೆ ಕಪ್ಪಗೆ, ಪಕ್ಕೆಲುಬು ಎಣಿಸುವ ಹಾಗಿತ್ತು. ಬಲಪಕ್ಕೆಯ ಕೆಳಗಿನ ಭಾಗ ಬರೀ ಬೆಳ್ಳಗಿತ್ತು, ಎಲುಬೂ ಕಾಣದಷ್ಟು. ವಾರ್ಡಿನ ಡಾಕ್ಟರು ಒಬ್ಬ ಹೆಂಗಸು, ಗಟ್ಟಿ ಮಾತು, ಮೆತ್ತನೆ ಕೈ. ಬೆಳ್ಳಗಿರುವುದು ಏನೆಂದು ಸೂಜಿ ಹಾಕಿದರೇ ಗೊತ್ತಾಗುವುದು ಅಂದರು. ಅತ್ತೆಯನ್ನು ಮಂಚದ ಅಂಚಿಗೆ ಕೂರಿಸಿ ಮುಂದಕ್ಕೆ ಬಗ್ಗಿಸಿದರು. ನಾನು ಎದುರಿಗೆ ನಿಂತು ಭುಜ ಹಿಡಿದುಕೊಂಡೆ. ಸಿರಿಂಜಿಗೆ ಬಂದದ್ದು ನೀರಲ್ಲ. ಕೆಸರಿನ ಬಣ್ಣ, ಗಂಜಿಯಷ್ಟು ಮಂದ, ಮತ್ತೆ ಆ ನಾತ. ಸತ್ತ ಇಲಿ ಹೆಂಚಿನ ಸಂದಿಯಲ್ಲಿ ಸಿಕ್ಕಿಕೊಂಡರೆ ಬರುವ ನಾತ. ಪಕ್ಕದ ಮಂಚದವರು ಸೆರಗು ಮೂಗಿಗೆ ಒತ್ತಿಕೊಂಡರು. ಅತ್ತೆ ನಾಚಿಕೆಯಿಂದ ನನ್ನ ಹೊಟ್ಟೆಗೆ ಮುಖ ಒತ್ತಿದರು.

"ಬರೀ ನೀರಾಗಿದ್ರೆ ತಿಳಿಯಾಗಿ ಬರ್ತಿತ್ತು, ಇದು ಕೀವು," ಅಂದರು ಡಾಕ್ಟರು. ಕ್ಷಯವೇ ಎಂದು ಕೇಳಲು ನನಗೆ ನಾಲಿಗೆ ಏಳಲಿಲ್ಲ. ಅವರೇ ಹೇಳಿದರು, ಅದನ್ನೂ ಪರೀಕ್ಷೆಗೆ ಕಳಿಸುತ್ತೇವೆ, ಆದರೆ ಈ ವಾಸನೆ ನೋಡಿದರೆ ಬಾಯಿಂದ ಇಳಿದ ಕ್ರಿಮಿಗಳದ್ದು ಅನ್ನಿಸುತ್ತದೆ ಎಂದು. ಆಮೇಲೆ ಪ್ರಶ್ನೆಗಳು ಶುರುವಾದವು. ಕುಡಿಯುತ್ತಾರಾ ಎಂದು ಕೇಳಿದ್ದಕ್ಕೆ ಅತ್ತೆ ವಿಭೂತಿ ಹಚ್ಚಿದ ಹಣೆ ಮುಂದೆ ಮಾಡಿ ದುರುಗುಟ್ಟಿ ನೋಡಿದರು. ಮೂರ್ಛೆ ರೋಗ ಇದೆಯಾ? ಇಲ್ಲ. ಊಟ ನೆತ್ತಿಗೆ ಹತ್ತುತ್ತದಾ? ಇಲ್ಲ. ಬಾಯಿ ತೆರೆಸಿ ನೋಡಿದರು. ಹಲ್ಲು ಅರ್ಧ ಹುಳುಕು, ಉಳಿದರ್ಧ ಕೆಂಪು. "ಮಲಗುವಾಗ ಬಾಯಲ್ಲಿ ಏನಾದರೂ ಇಟ್ಕೊಳ್ತಾರಾ?"

ಇಟ್ಟುಕೊಳ್ಳದೆ? ರಾತ್ರಿ ಊಟದ ಮೇಲೆ ಹಾಕಿದ ಎಲೆಯಡಿಕೆ, ಹೊಗೆಸೊಪ್ಪಿನ ಉಂಡೆ ಬಲದವಡೆಯಲ್ಲಿ ಬೆಳಗ್ಗೆವರೆಗೂ ಇರುತ್ತಿತ್ತು. ಅದಿಲ್ಲದಿದ್ದರೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ದಿಂಬಿನ ಚೀಲದ ಕಲೆ ತಿಕ್ಕಿ ತಿಕ್ಕಿ ನನ್ನ ಕೈ ಸವೆದಿತ್ತು. ನಮ್ಮೂರಿನ ಮುದುಕಿಯರೆಲ್ಲ ಹಾಗೇ ಮಲಗುವವರು, ಅದೊಂದು ತಪ್ಪೆಂದು ಯಾರಿಗೆ ಹೊಳೆಯಬೇಕು? ಡಾಕ್ಟರು ತಲೆಯಾಡಿಸಿದರು. ನಿದ್ದೆಯಲ್ಲಿ ಆ ರಸವೋ ಚೂರೋ ಹುಳುಕು ಹಲ್ಲಿನ ಕೊಳೆಯ ಸಮೇತ ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿದಿರಬೇಕು, ಅಲ್ಲಿ ಹುಣ್ಣಾಗಿ, ಜ್ವರ ಬಂದು, ಸೋಂಕು ಶ್ವಾಸಕೋಶದ ಹೊರಗಿನ ಪೊರೆಗೆ ದಾಟಿ ಕೀವು ಕಟ್ಟಿದೆ ಎಂದರು. ಎಲ್ಲರಿಗೂ ಹೀಗಾಗುವುದಿಲ್ಲ, ಇವರಿಗೆ ಆಗಿದೆ.

ನನಗೆ ತಡೆಯಲಾಗದೆ ಮೆಟ್ಟಿದ ವಿಷಯ ಕೇಳಿಬಿಟ್ಟೆ. ಮೆಟ್ಟಿದ ಮೇಲೆ ನೋವು ಹೋಯಿತಲ್ಲ, ಅದು ಹೇಗೆ? ಅವರು ತಮಾಷೆ ಮಾಡಲಿಲ್ಲ. ಎರಡು ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ತೋರಿಸಿದರು. "ಶ್ವಾಸಕೋಶಕ್ಕೆ ಒಂದು ಪೊರೆ, ಪಕ್ಕೆಗೆ ಒಂದು ಪೊರೆ. ಊದಿಕೊಂಡು ಹೀಗೆ ಉಜ್ಜಿದಾಗ ಚುಚ್ಚುತ್ತೆ. ನಡುವೆ ಕೀವು ತುಂಬಿದ್ರೆ ಎರಡೂ ದೂರ ಆಗುತ್ತೆ, ಉಜ್ಜೋದು ನಿಲ್ಲುತ್ತೆ. ನೋವು ಹೋಗಿದ್ದು ವಾಸಿಯಾಗಿ ಅಲ್ಲಮ್ಮ, ತುಂಬಿಕೊಂಡು." ನಾವು ಸಂತೋಷಪಟ್ಟ ದಿನವೇ ಒಳಗೆ ಕೀವು ಏರಿತ್ತು. ನನ್ನ ಕಾಲು ಕೆಡಿಸಿದ್ದೂ ಇಲ್ಲ, ಬದುಕಿಸಿದ್ದೂ ಇಲ್ಲ. ಹಾಗೆಂದು ಡಾಕ್ಟರೇ ಹೇಳಿದರು, ನಾನು ಅದನ್ನು ಹಾಗೇ ತೆಗೆದುಕೊಂಡೆ.

ಪಕ್ಕೆಲುಬಿನ ಸಂದಿಯಲ್ಲಿ ನಳಿಕೆ ಹಾಕಿದರು. ಅದರ ಇನ್ನೊಂದು ತುದಿ ಮಂಚದ ಕೆಳಗೆ ನೀರಿದ್ದ ಗಾಜಿನ ಬಾಟಲಿಯೊಳಗೆ. ಮೊದಲ ದಿನ ಬಾಟಲಿ ತುಂಬ ಕೀವು ಇಳಿಯಿತು. ಆಮೇಲೆ ನಿಂತಿತು. ಒಳಗೆ ಇನ್ನೂ ಉಳಿದಿದೆ, ಅದು ಹೊರಬಂದು ಕುಗ್ಗಿದ ಶ್ವಾಸಕೋಶ ಅರಳಬೇಕಾದರೆ ಅಜ್ಜಿ ಜೋರಾಗಿ ಕೆಮ್ಮಬೇಕು, ದೀರ್ಘವಾಗಿ ಉಸಿರೆಳೆಯಬೇಕು ಎಂದರು. ಅತ್ತೆ ಒಪ್ಪಲಿಲ್ಲ. ನಳಿಕೆಯಿದ್ದ ಕಡೆ ಎಳೆಯುತ್ತದೆ, ನೋಯುತ್ತದೆ. ಕೋಳಿಮರಿಯ ಹಾಗೆ ತುಟಿಯಲ್ಲೇ ಉಸಿರಾಡುತ್ತ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ನರ್ಸ್ ಗೋಗರೆದಳು, ಗಂಡ ಬಂದು ಕಾಲು ಹಿಡಿದರು. "ಬುಡ್ರೋ... ನಂಗೆ ಸಾಕಾಗೈತೆ," ಅಷ್ಟೇ.

ಡಾಕ್ಟರು ನನ್ನನ್ನು ಹೊರಗೆ ಕರೆದರು. ಉಳಿದ ಕೀವು ಹಾಲಿನ ಕೆನೆಯಂತೆ ಗಟ್ಟಿಯಾಗಿ ಶ್ವಾಸಕೋಶವನ್ನು ಸುತ್ತಿಕೊಂಡರೆ ಅದು ಮತ್ತೆ ಅರಳುವುದಿಲ್ಲ, ಆಗ ಮಂಗಳೂರಿಗೋ ಬೆಂಗಳೂರಿಗೋ ಕಳಿಸಿ ಎದೆ ತೆರೆಯಬೇಕಾಗುತ್ತದೆ ಎಂದರು. "ಈ ವಯಸ್ಸಿಗೆ, ಈ ನಿತ್ರಾಣಕ್ಕೆ ಅದನ್ನ ತಡ್ಕೊಳ್ತಾರೆ ಅಂತ ನಾನು ಹೇಳಲಾರೆ." ನಾನು ನೀರಿನ ನಲ್ಲಿಯ ಹತ್ತಿರ ಹೋಗಿ ನಿಂತೆ. ಆಗ ಗೊತ್ತಾಯಿತು, ಈ ಮುದುಕಿ ಸಾಯಬಾರದು ಎಂದು ನಾನು ಎಷ್ಟು ಬಯಸುತ್ತಿದ್ದೇನೆಂದು. ಪ್ರೀತಿಯೋ ಅಭ್ಯಾಸವೋ, ಏನಾದರೂ ಅನ್ನಿ. ಅವರು ಬಯ್ಯದ ಮನೆಗೆ ನಾನು ಹೇಗೆ ಹೋಗಲಿ?

ಮದ್ದು ಸಿಕ್ಕಿದ್ದು ಆಕಸ್ಮಿಕವಾಗಿ. ಗಂಜಿ ಕುಡಿಸಲು ಹೋದಾಗ ಬಾಯಿ ಬಿಗಿಹಿಡಿದರು. ನನಗೆ ರೇಗಿತು. "ಇದು ನಿಮ್ ತವರಿನ ಊಟ ಅಲ್ಲ ಅತ್ತೆ, ಹೊಟ್ಟೆ ತುಂಬ ಕುಡೀಬೋದು. ಅಲ್ಲಾದ್ರೆ ಹಬ್ಬದ ದಿನಾನೂ ಹೋಳಿಗೆ ಅರ್ಧ ಮುರಿದು ಬಡಿಸ್ತಾರೆ," ಅಂದೆ. ನಮ್ಮ ಕಡೆ ಹೆಂಗಸರಿಗೆ ಏನು ಬೇಕಾದರೂ ಅನ್ನಬಹುದು, ತವರಿಗೆ ಅನ್ನಬಾರದು. ಅತ್ತೆ ತಟ್ಟನೆ ತಿರುಗಿದರು. "ಯಾವೋಳೇ... ಹಂಗಂದೋಳು... ನಮ್ಮಪ್ಪ ತುಪ್ಪನ... ಚೊಂಬಲ್ಲಿ..." ಮುಂದೆ ಮಾತು ಬರಲಿಲ್ಲ, ಕೆಮ್ಮು ಬಂತು. ಹೊಟ್ಟೆಯಾಳದಿಂದ ಬಂದ ಕೆಮ್ಮು. ಮಂಚದ ಕೆಳಗೆ ಬಾಟಲಿ ಗುಳುಗುಳು ಅಂದಿತು. ಬಗ್ಗಿ ನೋಡಿದೆ. ನಳಿಕೆಯಲ್ಲಿ ಕೀವು ಇಳಿಯುತ್ತಿತ್ತು.

ಆಮೇಲೆ ನಾನು ಬಿಡಲಿಲ್ಲ. ಬೆಳಗ್ಗೆ ಅವರ ಅಣ್ಣನ ಜಿಪುಣತನ, ಮಧ್ಯಾಹ್ನ ಅವರ ತವರಿನ ಬಡಕಲು ಎಮ್ಮೆ, ಸಂಜೆ ನಮ್ಮ ಮದುವೆಯಲ್ಲಿ ಅವರ ಕಡೆಯವರು ಎಲೆಗೆ ಮೊದಲು ನುಗ್ಗಿದ್ದು. ಅರ್ಧ ನಿಜ, ಅರ್ಧ ಅಲ್ಲೇ ಕಟ್ಟಿದ್ದು. ಅತ್ತೆ ಎದ್ದು ಕೂರುತ್ತಿದ್ದರು, ದಮ್ಮು ಕಟ್ಟಿ ಬಯ್ಯುತ್ತಿದ್ದರು, ಕೆಮ್ಮುತ್ತಿದ್ದರು. ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದವರು ನಾಲ್ಕು ಮಾತಿಗೊಮ್ಮೆ ನಿಲ್ಲತೊಡಗಿದರು. ನರ್ಸ್‌ಗೆ ನಾನು ಗುಟ್ಟು ಹೇಳಿದ್ದೆ, ಆಕೆ ಕಣ್ಣಲ್ಲೇ ನಗುತ್ತಿದ್ದಳು. ಗಂಡನಿಗೂ ಹೇಳಿದ್ದೆ. "ನಿಂಗೆ ಇದನ್ನ ಹೇಳ್ಕೊಡಬೇಕಾಗಿರಲಿಲ್ಲ ಬುಡು ಮಾರಾಯ್ತಿ," ಅಂದರು. ಅತ್ತೆಗೆ ಮಾತ್ರ ಹೇಳುವಂತಿರಲಿಲ್ಲ. ಬೇಕೆಂದೇ ಮಾಡುತ್ತಿದ್ದೇನೆಂದು ತಿಳಿದರೆ ಕೋಪ ಬರುತ್ತದೆಯೇ?

ಆದರೆ ವಾರ್ಡಿನವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವರ ಕಣ್ಣಿಗೆ ನಾನು ರಾಕ್ಷಸಿ. ಸಾಯಲು ಬಿದ್ದ ಅತ್ತೆಯನ್ನು ಹುರಿದು ಮುಕ್ಕುವ ಸೊಸೆ. ನಾನು ಫ್ಲಾಸ್ಕು ಹಿಡಿದು ಹೋದರೆ ಮಾತು ನಿಲ್ಲಿಸುತ್ತಿದ್ದರು. ನನಗೆ ನೋವಾಗುತ್ತಿತ್ತು, ಹೇಳಿಕೊಳ್ಳುವ ಹಾಗಿರಲಿಲ್ಲ. ಎರಡನೆಯ ಎಕ್ಸ್‌ರೇ ನೋಡಿ ಡಾಕ್ಟರು "ಪರವಾಗಿಲ್ಲ, ಆದರೆ ಸಾಲದು, ಇನ್ನೊಂದು ವಾರ ನೋಡೋಣ, ಆಗಲೂ ಅರಳದಿದ್ದರೆ ಕಳಿಸಲೇಬೇಕು" ಅಂದಿದ್ದರು. ಆ ವಾರವೆಲ್ಲ ನಾನು ಗಂಟಲು ಕಟ್ಟುವವರೆಗೂ ಬಯ್ದೆ.

ವಾರ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ, ನಾನು ಅವರ ಅಪ್ಪನ ತುಪ್ಪದ ಚೊಂಬು ತೂತಿನ ಚೊಂಬು ಎಂದು ಶುರುಮಾಡಿದ್ದೆ. ಪಕ್ಕದ ಮಂಚದ ರೋಗಿಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ತಡೆಯಲಾರದೆ ಎದ್ದು ಬಂದಳು. "ನೀನೇನು ಮನುಷ್ಯಳಾ? ಹಿರಿಜೀವ ಹಿಂಗೆ ಮಲಗಿರುವಾಗ ಹೊಟ್ಟೆ ಉರಿಸ್ತೀಯಲ್ಲ, ನಾಳೆ ನಿಂಗೂ ಸೊಸೆ ಬರಲ್ವಾ?" ಎಂದಳು. ವಾರ್ಡೆಲ್ಲ ನನ್ನನ್ನೇ ನೋಡುತ್ತಿತ್ತು. ಆಗ ಅತ್ತೆ ಮಂಚದ ಕಂಬಿ ಹಿಡಿದು ನೆಟ್ಟಗೆ ಕೂತರು.

"ನಿನ್ ಕೆಲ್ಸ ನೀನ್ ನೋಡ್ಕೊ ತಾಯಿ, ನನ್ ಸೊಸೆ ನನ್ ತವರನ್ನ ಬಯ್ದೆ ಇನ್ಯಾರ್ ತವರನ್ನ ಬಯ್ಯಬೇಕು, ಉಸುರೆಳಿ ಅಂತ ಡಾಕ್ಟ್ರು ಹೇಳುದ್ರೂ ಮಗ ಕಾಲು ಹಿಡುದ್ರೂ ನಾನು ಎಳೀಲಿಲ್ಲ ಅಂತ ತಾನೆ ಇವ್ಳು ಬೆಳಗ್ಗಿಂದ ಸಂಜೆಗಂಟ ಗಂಟ್ಲು ಹರ್ಕೊಳ್ತಿರೋದು, ಮೊದಲ್ನೇ ದಿನಾನೇ ಗೊತ್ತಾಗೈತೆ ನಂಗೆ, ಅಷ್ಟೂ ತಿಳೀದಿರೋ ದಡ್ಡಿ ಅಂದ್ಕಂಡಿದ್ದೀಯಾ ನನ್ನ," ಅಂದರು.

ಆ ಮಾತಿನ ಅರ್ಥ ನನಗೆ ಹೊಳೆದದ್ದು ಆಮೇಲೆ. ಆಗ ನಾನು ಕಾಯುತ್ತಿದ್ದದ್ದು ಅವರು ಉಸಿರಿಗೆ ಎಲ್ಲಿ ನಿಲ್ಲುತ್ತಾರೆ ಎಂದು. ಅವರು ನಿಲ್ಲಲೇ ಇಲ್ಲ.